ಹೊಗೆಯಿಲ್ಲದ ಅಡಿಗೆ ಕೋಣೆಯ ಮಾಡು

ಹಂಚಿನ ಮಾಡಿನ ಕೆಳಗೆ ಸಂಸಾರ ಮಾಡಿದವರಿಗೆಲ್ಲ ಒಂದು ಚಟ ಅಂಟಿರುತ್ತದೆ. ಯಾರೊಡನೆ ಏನು ಮಾತಾಡುತ್ತಿದ್ದರೂ ಕಣ್ಣು ಆಗಾಗ ಮೇಲಕ್ಕೆ ಹೋಗುತ್ತದೆ. ನೆಂಟರು ಮಗಳ ಮದುವೆ ನಿಶ್ಚಯವಾದ ಸುದ್ದಿ ಹೇಳುತ್ತಿರುತ್ತಾರೆ, ನಾವು ಹೂಂ ಹೂಂ ಎನ್ನುತ್ತಾ ಅವರ ತಲೆಯ ನೇರಕ್ಕೆ ಮೇಲಿರುವ ಒದ್ದೆ ಕಲೆಯನ್ನು ನೋಡುತ್ತಿರುತ್ತೇವೆ. ಹೋದ ವಾರ ಇದ್ದದ್ದಕ್ಕಿಂತ ದೊಡ್ಡದಾಯಿತೇ? ಹಂಚು ಒಡೆದದ್ದೋ, ಬೆಕ್ಕು ಓಡಾಡಿ ಸರಿದದ್ದೋ, ಮೂಲೆಯಲ್ಲಿ ತರಗೆಲೆ ತುಂಬಿ ನೀರು ಹಿಂದಕ್ಕೆ ಬಂದದ್ದೋ? ನನಗೆ ಈ ಚಟ ಹತ್ತಿದ್ದು ಮದುವೆಯಾದ ಮೇಲೆ. ಮೂಡುಬಿದಿರೆಯ ನನ್ನ ತವರಿನಲ್ಲಿ ಹಲಗೆಯ ಮುಚ್ಚಿಗೆ ಇತ್ತು. ಅದರ ಮೇಲೆ ಏನು ನಡೆಯುತ್ತದೆಂದು ತಲೆ ಕೆಡಿಸಿಕೊಳ್ಳುವುದು ಗಂಡಸರ ಕೆಲಸವಾಗಿತ್ತು.

ಗಂಡನ ಮನೆ ಬಂಟ್ವಾಳದ ಕಡೆ, ಮೂಡುಬಿದಿರೆ ರಸ್ತೆಯಿಂದ ಸ್ವಲ್ಪ ಒಳಗೆ. ಅಲ್ಲಿ ಮುಚ್ಚಿಗೆ ಇರಲಿಲ್ಲ. ಮಲಗಿದರೆ ಮಾಡಿನ ಹೊಟ್ಟೆಯೆಲ್ಲ ಕಾಣುತ್ತಿತ್ತು. ಇಳಿಜಾರಾಗಿ ಇಳಿದ ಮರದ ತೊಲೆಗಳು, ನಮ್ಮ ಮಾತಿನಲ್ಲಿ ಪಕ್ಕಾಸುಗಳು, ಅವುಗಳಿಗೆ ಅಡ್ಡಲಾಗಿ ಹೊಡೆದ ರೀಪುಗಳು, ರೀಪಿಗೆ ಕಿವಿ ಸಿಕ್ಕಿಸಿಕೊಂಡು ಕೂತ ಹಂಚುಗಳು. ಮನೆಯ ಮುಂಭಾಗದ ಪಕ್ಕಾಸುಗಳೆಲ್ಲ ಹಲಸಿನ ಮರದವು. ಹಿಂದೆ ಅಡಿಗೆ ಕೋಣೆಗೆ ಮಾತ್ರ ಮಾವಿನ ಮರ, ಅಡಿಕೆ ಮರ ಸೀಳಿ ಮಾಡಿದ ರೀಪು. ಅದು ಜಿಪುಣತನವಲ್ಲ, ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಿದ್ದದ್ದು. ಅಡಿಗೆ ಕೋಣೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸೌದೆಯ ಹೊಗೆ ಇರುತ್ತದೆ. ಹೊಗೆ ಕುಡಿದ ಮರಕ್ಕೆ ಹುಳ ಬಾಯಿ ಹಾಕುವುದಿಲ್ಲ. ಹಾಗಿರುವಾಗ ಒಳ್ಳೆಯ ಮರವನ್ನು ಅಲ್ಲಿಗೆ ಯಾಕೆ ಹಾಕಬೇಕು?

ಆ ಹೊಗೆಯನ್ನು ಮರದ ಜೊತೆಗೆ ಕುಡಿದವರು ನನ್ನ ಅತ್ತೆ. ನಮ್ಮ ಮನೆಮಾತು ತುಳು, ನಾನು ಅವರನ್ನು ಮಾಮಿ ಎಂದೇ ಕರೆಯುತ್ತಿದ್ದದ್ದು. ಇಲ್ಲಿ ನಾವಾಡಿದ ಮಾತುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ಬಾಯಿಯ ಖಾರ ಅರ್ಧ ಕಡಿಮೆಯಾದರೆ ತಪ್ಪು ನನ್ನದು. ಮಾಮಿ ಗಿಡ್ಡ, ಸಪೂರ. ಆದರೆ ಬಾಯಿ ತೆರೆದರೆ ಗದ್ದೆಯ ಆಚೆ ಬದಿಯವರು ತಿರುಗಿ ನೋಡಬೇಕು. ಮೊದಲು ಆ ಮನೆಗೆ ಮುಳಿಹುಲ್ಲಿನ ಮಾಡು ಇತ್ತಂತೆ. ಹಂಚು ಹಾಕಿಸಬೇಕೆಂದು ಗಂಡನ ಹಿಂದೆ ಬಿದ್ದು ಹಾಕಿಸಿದವರು ಮಾಮಿ. ಪಾಣೆಮಂಗಳೂರಿಗೆ ದೋಣಿಯಲ್ಲಿ ಬಂದ ಹಂಚು ಗಾಡಿಯೇರಿ ರಸ್ತೆಗೆ ಬಂದರೆ, ಅಲ್ಲಿಂದ ಮನೆಗೆ ತಲೆಯ ಮೇಲೆ ಹೊತ್ತವರಲ್ಲಿ ಅವರೂ ಒಬ್ಬರು. ಅದಕ್ಕೇ ಒಂದು ಹಂಚು ಒಡೆದರೂ ಅವರ ಮುಖ ಕೆಡುತ್ತಿತ್ತು. ನನ್ನ ಗಂಡ, ಅವರ ಒಬ್ಬನೇ ಮಗ, ತಮಾಷೆ ಮಾಡುತ್ತಿದ್ದರು: "ಅಮ್ಮನಿಗೆ ನಾನು ಬಿದ್ದರೂ ತೊಂದರೆ ಇಲ್ಲ, ಹಂಚು ಬೀಳಬಾರದು."

ನಾನು ಮದುವೆಯಾಗಿ ಹೋಗುವ ಹೊತ್ತಿಗೆ ಮಾಮಿಗೆ ದಮ್ಮು ಜೋರಾಗಿತ್ತು. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಅವರ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಒಲೆಯ ಮುಂದೆ ಎರಡು ಕೈ ನೆಲಕ್ಕೂರಿ, ಬಾಯಿ ತೆರೆದು, ಉಸಿರಿಗಾಗಿ ಕಾಯುತ್ತಾ ಕೂತಿರುತ್ತಿದ್ದರು. ನನಗೆ ನೋಡಲು ಹೆದರಿಕೆಯಾಗುತ್ತಿತ್ತು. ಬಂಟ್ವಾಳದ ಡಾಕ್ಟರು ಒಂದೇ ಮಾತು ಹೇಳಿದರು: "ಔಷಧ ನಾನು ಕೊಡ್ತೇನೆ. ಹೊಗೆ ನಿಲ್ಲಿಸುವುದು ನೀವು. ಇನ್ನು ಈ ಎದೆಗೆ ಹೊಗೆ ಹೋಗಬಾರದು, ಹೋದರೆ ನನ್ನ ಹತ್ತಿರ ಕರ್ಕೊಂಡು ಬರುವಷ್ಟು ಹೊತ್ತು ಸಿಕ್ಕುವುದಿಲ್ಲ."

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಮ್ಮ ಕಡೆ ಅಲ್ಲಲ್ಲಿ ಗೋಬರ್ ಗ್ಯಾಸ್ ಬರುತ್ತಿತ್ತು. ಹಟ್ಟಿಯಲ್ಲಿ ದನಗಳಿದ್ದವು, ನಾವೂ ಹಾಕಿಸಿದೆವು. ಹಿತ್ತಿಲಿನಲ್ಲಿ ಗುಂಡಿ ತೋಡಿದರು, ಅಡಿಗೆ ಕೋಣೆಯ ಬದಿಗೆ ಸಿಮೆಂಟಿನ ಕಟ್ಟೆ ಕಟ್ಟಿದರು, ಅದರ ಮೇಲೆ ಒಲೆ ಇಟ್ಟರು. ನೀಲಿ ಉರಿ ಎದ್ದಾಗ ಮಾಮಿ ಕೆನ್ನೆಗೆ ಕೈಯಿಟ್ಟು, "ಇದಕ್ಕೆ ಮಸಿಯೇ ಇಲ್ಲವಲ್ಲ!" ಎಂದರು. ನಾನು ಶಾಲೆಯಲ್ಲಿ ಟೀಚರ್, ನಿಂತು ಅಭ್ಯಾಸ. ನಿಂತುಕೊಂಡು ಅಡಿಗೆ ಮಾಡುವುದು ನನಗೆ ಸುಖವಾಯಿತು. ಮಾಮಿಗೆ ನೆಲದಲ್ಲಿ ಕೂತು ಮಾಡಿ ರೂಢಿ, ಹಾಗಾಗಿ ಕಟ್ಟೆಯ ಮುಂದಿನ ಜಾಗ ಮೆಲ್ಲಗೆ ನನ್ನದಾಯಿತು.

ಮಸಿಯ ಮೇಲೆ ಮಾಮಿಗೆ ಜನ್ಮದ ದ್ವೇಷ. ಜೀವಮಾನವೆಲ್ಲ ಅದು ಅವರ ಸೀರೆಗೆ, ಅನ್ನಕ್ಕೆ, ಕೂದಲಿಗೆ ಉದುರಿತ್ತು. ಗ್ಯಾಸ್ ಬಂದ ಬೇಸಗೆಯಲ್ಲೇ ಇಬ್ಬರು ಹೆಂಗಸರನ್ನು ಕರೆಸಿ, ಪಕ್ಕಾಸು ರೀಪುಗಳನ್ನೆಲ್ಲ ಸೋಪಿನ ನೀರು ಹಾಕಿ, ತೆಂಗಿನ ಸಿಪ್ಪೆಯಲ್ಲಿ ಉಜ್ಜಿಸಿ ಉಜ್ಜಿಸಿ ತೊಳೆಸಿದರು. ಕಪ್ಪು ನೀರು ಹಿತ್ತಿಲವರೆಗೆ ಹರಿಯಿತು. ಮರದ ಬಣ್ಣ ಹೊರಗೆ ಬಂತು. ಮಾಮಿ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದರು. "ಈಗ ನನ್ನ ಅಡಿಗೆ ಕೋಣೆಗೆ ಯಾರನ್ನು ಬೇಕಾದರೂ ಕರೆಯಬಹುದು" ಎಂದರು. ನಿಜವಾಗಿಯೂ ಕರೆದರು. ಬಂದವರೆಲ್ಲ ಹೊಗಳಿ, ಕಾಫಿ ಕುಡಿದು ಹೋದರು. ಹೊಗೆ ನಿಂತಿತು, ದಮ್ಮು ಇಳಿಯಿತು. ಮಾಮಿ ಬಾವಿಯಿಂದ ಕೊಡ ಎತ್ತಿ ತರುವಷ್ಟಾದರು.

ಮೊದಲ ಮಳೆಗಾಲದಲ್ಲೇ ಮಾಡು ಬೇರೆ ಥರ ವರ್ತಿಸತೊಡಗಿತು. ಮೊದಲೆಲ್ಲ ಕೆಳಗಿನ ಬಿಸಿಗೆ ಹಂಚು ಒಣಗುತ್ತಿತ್ತು. ಈಗ ಹಂಚಿನ ಒಳಮೈ ಯಾವಾಗಲೂ ತಣ್ಣಗೆ, ಒದ್ದೆ. ರೀಪಿನ ಮೇಲೆ ಬಿಳಿ ಬೂಸ್ಟು. ಒಂದೆರಡು ಹಂಚು ಬಿರುಕು ಬಿಟ್ಟವು, ಬದಲಿಗೆ ತಂದವು ಬೇರೆ ಕಾರ್ಖಾನೆಯವು. ಅವುಗಳ ಗೀರು ನಮ್ಮ ಹಳೆಯ ಹಂಚಿನ ಗೀರಿಗೆ ಕೂರಲೇ ಇಲ್ಲ. ಅತ್ತ ತಳ್ಳಿದರೆ ಇತ್ತ ಸಂದು, ಇತ್ತ ತಳ್ಳಿದರೆ ಅತ್ತ ಸಂದು. ಸೋರುವುದು ಇನ್ನೂ ಹೆಚ್ಚಾಯಿತು. ಅದಕ್ಕೆಲ್ಲ ನಾವು ಪಾತ್ರೆ ಇಟ್ಟು ಸುಧಾರಿಸಿದೆವು. ಸೋರುವ ಮಾಡು ಹೇಳಿಯೇ ಸೋರುತ್ತದೆ, ಅದರ ಭಯ ಅಷ್ಟಿಲ್ಲ.

ಭಯ ಶುರುವಾದದ್ದು ಮರುವರ್ಷ. ಅಡಿಗೆ ಕೋಣೆಯಲ್ಲಿ ಊಟಕ್ಕೆ ಕೂತಾಗ ನನ್ನ ಗಂಡ ಬಟ್ಟಲಿನಿಂದ ಏನನ್ನೋ ಬೆರಳಲ್ಲಿ ತೆಗೆದು, "ಇದೇನು, ಅಕ್ಕಿ ಹಿಟ್ಟಾ?" ಎಂದರು. ನುಣ್ಣನೆಯ ಮಾಸಲು ಹುಡಿ. ಮೂವರೂ ಒಟ್ಟಿಗೆ ಮೇಲೆ ನೋಡಿದೆವು. ತೊಳೆದು ಚೆಂದ ಮಾಡಿದ ಪಕ್ಕಾಸಿನಲ್ಲಿ ಸೂಜಿ ಚುಚ್ಚಿದಂಥ ತೂತುಗಳು, ಉದ್ದಕ್ಕೂ. ಮಾಮಿ ತಟ್ಟೆ ಬಿಟ್ಟು ಎದ್ದರು. ಆ ಪಕ್ಕಾಸಿನ ಕೆಳಗೆ ಹೋಗಿ ನಿಂತರು.

ಮರಗೆಲಸದ ಆಚಾರಿಯನ್ನು ಕರೆಸಿದೆವು. ನಮ್ಮ ಆಚಾರಿಯ ಬಗ್ಗೆ ಬರೆಯಲು ಕೂತರೆ ನನ್ನ ರಕ್ತದೊತ್ತಡ ಏರುತ್ತದೆ. ದೊಡ್ಡ ಮಾತು, ಕಿವಿಯಲ್ಲಿ ಪೆನ್ಸಿಲು, ಬಾಯಿಯಲ್ಲಿ ಯಾವಾಗಲೂ "ನಾಳೆ". ಬಂದವನು ಕೆಳಗೆ ನಿಂತೇ ತಲೆಯೆತ್ತಿ ನೋಡಿ, "ಗೇರೆಣ್ಣೆ ಬಳಿಯಿರಿ, ಹುಳ ಸಾಯ್ತದೆ" ಎಂದ. ಬಳಿಸಿದೆವು. ಗೇರುಬೀಜದ ಸಿಪ್ಪೆಯ ಆ ಎಣ್ಣೆಗೆ ಕೆಲಸದವನ ಕೈಯ ಚರ್ಮ ಸುಲಿಯಿತು, ಹುಳಕ್ಕೆ ಏನೂ ಆಗಲಿಲ್ಲ. ಅದು ಆಗಲೇ ಮರದ ಒಳಗೆ ಮನೆ ಮಾಡಿಕೊಂಡಿತ್ತು. ಮತ್ತೆ ಕರೆಸಿದೆವು. "ಹಾಗಾದರೆ ಪಕ್ಕಾಸು ಬದಲಾಯಿಸುವ" ಎಂದ. ಯಾವಾಗ ಎಂದರೆ, "ಈ ಮಳೆಗೆ ಎಂತ ಆಗುವುದಿಲ್ಲ ಅಕ್ಕ. ಮುಂದಿನ ಪತ್ತನಾಜೆಯೊಳಗೆ ಮಾಡಿ ಕೊಡ್ತೇನೆ."

ಬೇಸಗೆಯ ಕೊನೆಗೆ ಬರುವ ಪತ್ತನಾಜೆಗೆ ನಮ್ಮಲ್ಲಿ ಭೂತದ ಕೋಲ, ಬಯಲಾಟ ಎಲ್ಲ ಮುಗಿಯುತ್ತವೆ. ಅಷ್ಟರೊಳಗೆ ಮಾಡಿನ ಕೆಲಸವೂ ಮುಗಿಯಬೇಕು, ಆಮೇಲೆ ಆಕಾಶವನ್ನು ನಂಬುವಂತಿಲ್ಲ. ಮಳೆಗಾಲ ಕಳೆದು ಮುಂದಿನ ಬೇಸಗೆ ಬಂತು, ನಾನು ದಿನಾ ಆಚಾರಿಯ ದಾರಿ ನೋಡಿದೆ. ಇವತ್ತು ಕೋಲಕ್ಕೆ ಹೋಗಿದ್ದಾನೆ, ನಾಳೆ ವೇಣೂರಿನಲ್ಲಿ ಕೆಲಸ, ನಾಡಿದ್ದು ಮೈ ಸರಿ ಇಲ್ಲ. ನನ್ನ ಗಂಡನದು ತಣ್ಣನೆಯ ಸ್ವಭಾವ. "ಬರ್ತಾನೆ, ಬರ್ತಾನೆ" ಎನ್ನುತ್ತಾ ಸೈಕಲ್ ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಮಾಮಿ ಮಾತ್ರ ಅಡಿಗೆ ಕೋಣೆಯ ನೆಲದಲ್ಲಿ ಕೂತು, ತಲೆಯೆತ್ತಿ, ಕಿವಿಗೊಟ್ಟು ಕೇಳುತ್ತಿದ್ದರು.

"ಕೇಳ್ತದಾ ನಿನಗೆ?"

"ಎಂತ ಮಾಮಿ?"

"ತಿನ್ನುವುದು. ಕರಕರ ಅಂತ."

ನನಗೆ ಕೇಳುತ್ತಿರಲಿಲ್ಲ. ವಯಸ್ಸಾಯಿತು, ಮಾಡಿನ ಚಿಂತೆ ತಲೆಗೆ ಹತ್ತಿದೆ ಎಂದುಕೊಂಡೆ. ಒಮ್ಮೆ ಅವರು ಮಗನ ಹತ್ತಿರ, "ಹೊಗೆ ಇದ್ದಾಗ ಇದೆಲ್ಲ ಇರಲಿಲ್ಲ. ತೊಳೆಸಿದ್ದು ನಾನು" ಎಂದರು. ಮಗ ನಕ್ಕು, "ಆಯ್ತಮ್ಮ, ಹೊಸ ಪಕ್ಕಾಸು ಹಾಕಿಸುವ" ಎಂದರು.

ಅದಾದ ಮೇಲೆ ಮಾಮಿಯ ತಲೆಕೂದಲಿನಲ್ಲಿ ಹೊಗೆಯ ವಾಸನೆ ಬರತೊಡಗಿತು. ಎಣ್ಣೆ ಹಚ್ಚುವಾಗ ನನ್ನ ಮೂಗಿಗೆ ಬಡಿಯಿತು. ಕೇಳಿದರೆ, "ಬಚ್ಚಲಿನ ಒಲೆಗೆ ಬೆಂಕಿ ಹಾಕಿದ್ದು" ಎಂದರು. ಬಚ್ಚಲು ಮನೆಯಿಂದ ಹೊರಗಿತ್ತು, ನಂಬಿದೆ. ಆಮೇಲೆ ಅವರ ಉಸಿರು ಮತ್ತೆ ಸಿಳ್ಳೆ ಹಾಕತೊಡಗಿತು. ಒಂದು ಮಧ್ಯಾಹ್ನ ನಾನು ಅಂಗಡಿಯಿಂದ ಬೇಗ ಬಂದೆ. ಅಡಿಗೆ ಕೋಣೆಯ ನಡುವೆ ಹಳೆಯ ಬಾಣಲೆ, ಅದರಲ್ಲಿ ಭತ್ತದ ಹೊಟ್ಟು, ಮೇಲೆ ಹಸಿ ಸೊಪ್ಪು. ಹೊಗೆ ದಪ್ಪಗೆ ಏಳುತ್ತಿತ್ತು. ಕಿಟಕಿಗೆ ಗೋಣಿ ತುರುಕಿ, ಮೂಗಿಗೆ ಸೆರಗು ಕಟ್ಟಿಕೊಂಡು ಮಾಮಿ ಬೀಸಣಿಗೆ ಬೀಸುತ್ತಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಣಲೆಯನ್ನು ಇಕ್ಕುಳದಲ್ಲಿ ಹಿಡಿದು ಹೊರಗೆ ಎಸೆದೆ. "ನಿಮಗೆ ಹಂಚು ದೊಡ್ಡದಾ, ಉಸಿರು ದೊಡ್ಡದಾ?" ಎಂದು ಕಿರುಚಿದೆ. ಅತ್ತೆಯೆದುರು ಅಷ್ಟು ದೊಡ್ಡ ಸ್ವರ ತೆಗೆದದ್ದು ಅದೇ ಮೊದಲು. ಮಾಮಿ ತಿರುಗಿ ಬೈಯಲಿಲ್ಲ. "ಮಳೆ ಬರುವವರೆಗೆ ಮಾರಾಯ್ತಿ. ಅಷ್ಟೇ. ಒದ್ದೆ ಹಂಚಿಗೆ ಭಾರ ಜಾಸ್ತಿ" ಎಂದರು. ನಾನು ಬೆಂಕಿಪೊಟ್ಟಣಗಳನ್ನೆಲ್ಲ ಒಟ್ಟು ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬಚ್ಚಲಿನ ಒಲೆಯಲ್ಲಿ ಸದಾ ಕೆಂಡ ಇರುತ್ತದೆನ್ನುವುದು ನನ್ನ ಟೀಚರ್ ತಲೆಗೆ ಹೊಳೆಯಲೇ ಇಲ್ಲ.

ಪತ್ತನಾಜೆಗೆ ಕೆಲವೇ ದಿನ ಇರುವಾಗ ತವರಿನಲ್ಲಿ ಒಂದು ನಿಶ್ಚಿತಾರ್ಥ. ಮಾಮಿಯೇ ಒತ್ತಾಯ ಮಾಡಿ ಕಳಿಸಿದರು. "ಹೋಗು, ಸಂಜೆಯ ಬಸ್ಸಿಗೆ ಬಾ. ನಾನೇನು ಸಣ್ಣ ಮಗುವಾ?" ಗಂಡ ಕೆಲಸಕ್ಕೆ ಹೋಗಿದ್ದರು. ಮೂಡುಬಿದಿರೆಯಲ್ಲಿ ಊಟ ಬೇಗ ಮುಗಿಯಿತು. ಸಿದ್ಧಕಟ್ಟೆಯ ದಾರಿಯಾಗಿ ನಮ್ಮ ಕಡೆ ಹೋಗುವ ಬಸ್ಸು ಎದುರಿಗೇ ಬಂದು ನಿಂತಿತು, ಹತ್ತಿಬಿಟ್ಟೆ.

ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ಬರುವಾಗಲೇ ಕಂಡಿತು. ನಮ್ಮ ಅಡಿಗೆ ಕೋಣೆಯ ಹಂಚಿನ ಸಂದು ಸಂದಿನಿಂದಲೂ ಹೊಗೆ ಬರುತ್ತಿತ್ತು. ಹಿಂದಿನ ಕಾಲದಲ್ಲಿ ಸಂಜೆ ಹಾಗೆ ಹೊಗೆ ಕಂಡರೆ ಮನೆಯಲ್ಲಿ ಅನ್ನಕ್ಕಿಟ್ಟಿದ್ದಾರೆ ಎಂದು ಅರ್ಥ, ಕಂಡವರಿಗೆ ಹಸಿವಾಗುತ್ತಿತ್ತು. ಈಗ ಆ ಹೊಗೆ ಕಂಡು ನಾನು ಓಡಿದೆ. ಪಕ್ಕದ ಮನೆಯ ಅಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು. ನಾನು ಓಡುವುದನ್ನು ಕಂಡು ಎದ್ದು ನಿಂತರು. "ಬೆಳಗ್ಗಿನಿಂದ ಹೊಗೆ ಬರ್ತಾ ಉಂಟು. ಗ್ಯಾಸ್ ಹಾಳಾಯ್ತೋ ಏನೋ ಅಂತ ಗ್ರಹಿಸಿದೆ" ಎಂದರು. ಮೊರ ಬದಿಗಿಟ್ಟು, ಕತ್ತರಿ ಕೈಯಲ್ಲೇ ಹಿಡಿದು ನನ್ನ ಹಿಂದೆ ಓಡಿ ಬಂದರು.

ನಡುಮನೆಯಿಂದ ಅಡಿಗೆ ಕೋಣೆಗೆ ಹೋಗುವ ಬಾಗಿಲು ಒಳಗಿನಿಂದ ಹಾಕಿತ್ತು. ಹಿತ್ತಿಲ ಬಾಗಿಲೂ ಹಾಕಿತ್ತು. ನಾನು ಬಂದು ಮತ್ತೆ ಬಾಣಲೆ ಎಸೆದುಬಿಟ್ಟೇನೆಂದು ಅಡ್ಡಮರ ಬೇರೆ ಇಟ್ಟಿದ್ದರು. "ಮಾಮೀ!" ಎಂದು ಕೂಗಿದೆ. ಉತ್ತರ ಇಲ್ಲ. ಬಾಗಿಲಿಗೆ ಹೆಗಲು ಕೊಟ್ಟೆ, ಹಲಸಿನ ಬಾಗಿಲು ಅಲುಗಲೂ ಇಲ್ಲ. ಕಿಟಕಿಯ ಸರಳಿನ ನಡುವೆ ಕೈ ಹಾಕಿ ಗೋಣಿಯನ್ನು ಒಳಕ್ಕೆ ತಳ್ಳಿದೆ, ಹೊಗೆ ನನ್ನ ಮುಖಕ್ಕೆ ನುಗ್ಗಿತು. ಒಳಗೆ ಏನೂ ಕಾಣಲಿಲ್ಲ. ಕೆಮ್ಮಿನ ಸದ್ದೂ ಇರಲಿಲ್ಲ. ಆ ಕೆಮ್ಮು ಒಮ್ಮೆ ಕೇಳಿಸಲಿ ಎಂದು ನಾನು ಬೇಡದ ದೇವರಿಲ್ಲ.

ಹಂಚಿನ ಮನೆಗೆ ಬಾಗಿಲು ಎಷ್ಟು ಗಟ್ಟಿಯಾದರೂ ಕಳ್ಳರಿಗೆ ಗೊತ್ತಿರುವ ದಾರಿ ಒಂದಿದೆ. ಒಳ್ಳೆಮೆಣಸಿನ ಬಳ್ಳಿಯ ಕಾಳು ಕೊಯ್ಯುವ ಏಣಿಯನ್ನು ಎಳೆದು ತಂದು ಗೋಡೆಗೆ ಒರಗಿಸಿದೆ.

"ಮೇಲೆ ಹೋಗಬೇಡ ಮಾರಾಯ್ತಿ" ಎಂದು ಅಕ್ಕ ನನ್ನ ಸೀರೆ ಹಿಡಿದರು. "ಹುಳ ತಿಂದ ಮಾಡು ನಿನ್ನನ್ನು ತಡೆಯುವುದಿಲ್ಲ. ಅವರ ಮೇಲೆಯೇ ಬೀಳ್ತದೆ."

"ಏಣಿ ಹಿಡ್ಕೊಳ್ಳಿ" ಎಂದೆ.

ನಿಶ್ಚಿತಾರ್ಥದ ರೇಷ್ಮೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಮಾಡಿನ ಮೇಲೆ ಭಾರ ಬಿಡಲಿಲ್ಲ, ಏಣಿಯ ಮೇಲೆಯೇ ನಿಂತೆ. ಮೇಲಿನ ಸಾಲಿನ ಹಂಚನ್ನು ಎಡಗೈಯಲ್ಲಿ ಎತ್ತಿ, ಅದರ ಅಡಿಯಲ್ಲಿ ಸಿಕ್ಕಿಕೊಂಡ ಅಂಚಿನ ಹಂಚನ್ನು ಬಲಗೈಯಲ್ಲಿ ಎಳೆದೆ. ಒಂದು ಬಂತು. ಅಂಗಳಕ್ಕೆ ಎಸೆದೆ, ಒಡೆಯಿತು. ಇನ್ನೊಂದು. ಮತ್ತೊಂದು. ಮಾಮಿ ತಲೆಯ ಮೇಲೆ ಹೊತ್ತು ತಂದ ಹಂಚುಗಳು ಅಂಗಳದಲ್ಲಿ ಚೂರಾಗುತ್ತಿದ್ದವು. ಅವರು ಒಳಗಿನಿಂದ ಬೈಯಲಿ ಎಂದು ಇನ್ನೂ ಜೋರಾಗಿ ಎಸೆದೆ. ಬೈಗುಳ ಬರಲಿಲ್ಲ. ಹೊಗೆ ಮಾತ್ರ ಆ ತೂತಿನಿಂದ ಕಂಬದಷ್ಟು ದಪ್ಪವಾಗಿ ಮೇಲೆದ್ದಿತು, ನನ್ನ ಕಣ್ಣು ಕುರುಡಾಯಿತು. ರೀಪಿಗೆ ಕೈ ಹಾಕಿದರೆ ಹಪ್ಪಳದಂತೆ ಮುರಿದು ಬಂತು.

ಗೋಡೆಯ ಮೂಲೆಯಲ್ಲಿ, ಎರಡು ಪಕ್ಕಾಸಿನ ನಡುವೆ ಕಾಲು ಇಳಿಬಿಟ್ಟೆ. ಕೈಯೂರಿದ ಪಕ್ಕಾಸು ಲಟಕ್ ಎಂದಿತು. ಮೇಲಿನ ಸಾಲಿನ ಹಂಚುಗಳು ಒಟ್ಟಿಗೆ ಒಂದು ಬೆರಳಿನಷ್ಟು ಜಾರಿ ನಿಂತವು. ಅಕ್ಕ ಕೆಳಗಿನಿಂದ ಕೂಗಿದರು. ನಾನು ಗೋಡೆಯನ್ನು ಅಪ್ಪಿ ಹಿಡಿದೆ. ಇಡೀ ಮಾಡು ಈಗ ಬರುತ್ತದೆ, ನಾವಿಬ್ಬರೂ ಇದರ ಅಡಿಗೆ ಹೋಗುತ್ತೇವೆ ಎಂದೇ ಅನ್ನಿಸಿತು. ಬರಲಿಲ್ಲ. ಮೆಲ್ಲಗೆ ಕೆಳಕ್ಕೆ ಜಾರಿದೆ, ಕಾಲಿಗೆ ಕಡೆಯುವ ಕಲ್ಲಿನ ಕಟ್ಟೆ ಸಿಕ್ಕಿತು. ಕೆಳಗಿಳಿದು ತಡಕಾಡಿ ಹಿತ್ತಿಲ ಬಾಗಿಲಿನ ಅಡ್ಡಮರ ತೆಗೆದೆ. ಮಾಮಿ ಆ ಬಾಗಿಲಿನ ಬುಡದಲ್ಲೇ ಬಿದ್ದಿದ್ದರು, ಒಂದು ಕೈ ಬಾಗಿಲಿನ ಕಡೆ ಚಾಚಿ. ಅಕ್ಕ, ನಾನು ಸೇರಿ ಎಳೆದು ಅಂಗಳಕ್ಕೆ ತಂದೆವು.

ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೆನ್ನು ತಟ್ಟಿದೆ, ನೀರು ಚಿಮುಕಿಸಿದೆ, ಅಳುತ್ತಾ ಬೈದೆ. ಬಹಳ ಹೊತ್ತಿನ ಮೇಲೆ, ಎಲ್ಲೋ ಒಳಗಿನಿಂದ ಆ ಸಿಳ್ಳೆ ಕೇಳಿಸಿತು. ಅದರಷ್ಟು ಚೆಂದದ ಸದ್ದನ್ನು ನಾನು ಕೇಳಿದ್ದಿಲ್ಲ. ಅಕ್ಕ ರಸ್ತೆಗೆ ಓಡಿ ಜೀಪೊಂದನ್ನು ನಿಲ್ಲಿಸಿದರು, ಬಂಟ್ವಾಳದ ಆಸ್ಪತ್ರೆಗೆ ತಲುಪಿಸಿದೆವು. ಡಾಕ್ಟರು ನನ್ನ ಮೇಲೆ ರೇಗಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಸುದ್ದಿ ಕೇಳಿದ ಆಚಾರಿ ಮರುದಿನ ಬೆಳಗ್ಗೆ ತಾನಾಗಿಯೇ ಬಂದ. ಆಗ ಅವನಿಗೆ ಯಾವ ಕೋಲವೂ ಇರಲಿಲ್ಲ. ಹಂಚು ಇಳಿಸಿ ಒಂದೊಂದೇ ಪಕ್ಕಾಸಿಗೆ ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾ ಹೋದ. ಕೆಲವು ಇನ್ನೂ ಗಟ್ಟಿಯಿದ್ದವು. ಗ್ಯಾಸಿನ ಕಟ್ಟೆಯ ಮೇಲಿನದಕ್ಕೆ ಬಡಿದಾಗ ಅದು ನಡುವಿಗೇ ಮುರಿದು, ಹುಡಿಯ ಸಮೇತ ಕಟ್ಟೆಯ ಮುಂದೆ ಬಿತ್ತು. ಹೊರಗಿನ ಸಿಪ್ಪೆ ಮಾತ್ರ ಮರವಾಗಿ ಉಳಿದಿತ್ತು. ಹಂಚುಗಳು ಒಂದನ್ನೊಂದು ಕಚ್ಚಿಕೊಂಡದ್ದರಿಂದ ಅಷ್ಟು ದಿನ ನಿಂತದ್ದು. "ಮೊದಲ ದೊಡ್ಡ ಮಳೆಗೆ ಬೀಳ್ತಿತ್ತು" ಎಂದ ಆಚಾರಿ, ನನ್ನ ಮುಖ ನೋಡದೆ.

ಆಸ್ಪತ್ರೆಯಲ್ಲಿ ಮಾಮಿಗೆ ಮಾತು ಬಂದದ್ದು ಎರಡು ದಿನ ಕಳೆದ ಮೇಲೆ. ದಿಂಬಿಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾನು ಗಂಜಿ ಕುಡಿಸುತ್ತಿದ್ದೆ. ಒಡೆದ ಹಂಚಿನ ಲೆಕ್ಕ ಕೇಳುತ್ತಾರೆಂದು ಮನಸ್ಸಿನಲ್ಲೇ ಜಗಳಕ್ಕೆ ತಯಾರಾಗಿದ್ದೆ.

"ಮಾಡು ಬಿಚ್ಚಿದರಾ?" ಎಂದು ಕೇಳಿದರು.

"ಹೂಂ."

"ಯಾವುದು ಹೋಗಿತ್ತು?"

"ಗ್ಯಾಸಿನ ಕಟ್ಟೆಯ ಮೇಲಿನದು."

ಮಾಮಿ ತಲೆಯಾಡಿಸಿದರು. "ನನಗೆ ಗೊತ್ತಿತ್ತು. ಅಲ್ಲೇ ಕೇಳ್ತಿದ್ದದ್ದು. ನೀನು ಬೆನ್ನು ಹಾಕಿ ನಿಂತು ದೋಸೆ ಹೊಯ್ಯುವಾಗ ನಾನು ಕೆಳಗೆ ಕೂತು ಅದನ್ನೇ ನೋಡ್ತಿದ್ದೆ." ಉಸಿರು ಎಳೆದುಕೊಂಡು ಮತ್ತೆ ಹೇಳಿದರು: "ಹುಳ ಸತ್ತರೆ ಅದು ಈ ಒಂದು ಮಳೆಗಾಲವಾದರೂ ನಿಲ್ತದೆ ಅಂತ ಗ್ರಹಿಸಿದೆ. ತೊಳೆಸಿದ್ದು ನಾನು. ಬೀಳುವುದು ನಿನ್ನ ತಲೆಗೆ."

ನನಗೆ ಹೇಳಬಾರದಿತ್ತೇ, ಕಟ್ಟೆಯನ್ನೇ ಬಿಟ್ಟು ಅಂಗಳದಲ್ಲಿ ಒಲೆ ಹೂಡುತ್ತಿದ್ದೆನಲ್ಲ ಎಂದು ರೇಗಬೇಕೆನಿಸಿತು. ಆದರೆ ಅವರು ಹೇಳಿದ್ದರು. ಕರಕರ ಕೇಳುತ್ತದೆಂದು ದಿನಾ ಹೇಳಿದ್ದರು, ಬಲ್ಲವರಾದ ನಾವು ಗಂಡ ಹೆಂಡತಿ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ನನ್ನ ತಾಯಿಯೂ ನನಗಾಗಿ ಅಷ್ಟು ಹೊಗೆ ಕುಡಿಯುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ನಾನು ವಾರ್ಡಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಅಕ್ಕಪಕ್ಕದ ಮಂಚದವರು ಮಾಮಿಗೆ ಏನೋ ಆಯಿತೆಂದು ಎದ್ದು ಕೂತರು. "ಸೊಸೆಗೆ ಎಂತದೋ ಸಂಕಟ, ನನಗೆ ಏನೂ ಆಗಿಲ್ಲ" ಎಂದು ಮಾಮಿ ಅವರಿಗೆ ಸಿಳ್ಳೆ ಹಾಕುವ ಉಸಿರಿನಲ್ಲೇ ಹೇಳಿ, ಗಂಜಿಗೆ ಬಾಯಿ ತೆರೆದರು.